ನಾಲ್ಕನೇ ದಿನದ ಜ್ವರ

ನೋಡವ್ವಾ, ಮೊನ್ನೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿಂದ ಮಗನನ್ನು ಕರಕೊಂಡು ಬಂದಿ ಅಂತ ನಿಮ್ಮತ್ತೆ ಹೇಳಿದರು. ಬೋಳು ತಲೆಗೆ ಉಣ್ಣೆ ಟೋಪಿ ಹಾಕಿಕೊಂಡು ಕಟ್ಟೆ ಮೇಲೆ ಕೂತಿದ್ದನ್ನು ನಾನೂ ಕಂಡೆ. ಮೊದಲ ಹಂತದ ಚಿಕಿತ್ಸೆ ಮುಗಿದಿದೆ, ರಕ್ತದಲ್ಲಿ ಕ್ಯಾನ್ಸರಿನ ಕಣ ಕಾಣುತ್ತಿಲ್ಲ ಎಂದಿದ್ದಾರಂತೆ. ಕೇಳಿ ಜೀವಕ್ಕೆ ತಂಪಾಯಿತು. ಆದರೆ ಔಷಧ ಇನ್ನೂ ಎರಡು ವರ್ಷದ ಮೇಲಿದೆ. ಆ ದಾರಿಯಲ್ಲಿ ಕ್ಯಾನ್ಸರಿಗಿಂತ ಸೋಂಕಿಗೇ ಹೆಚ್ಚು ಅಂಜಬೇಕಾದ ದಿನಗಳು ಬರುತ್ತವೆ. ನಾನು ಡಾಕ್ಟರನಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಕೂದಲು ಬೆಳ್ಳಗಾದವನು. ನನ್ನನ್ನು ಕಾಕಾ ಅಂತ ಕರೀತಿ, ಅದಕ್ಕೆ ಒಂದು ಮಾತು ಹೇಳಬೇಕಾಗಿದೆ. ಅದು ಫಂಗಸ್ಸಿನ ಮಾತು.

2021ರಲ್ಲಿ ಕೊರೊನಾ ಹಿಂದೆಯೇ ಕಪ್ಪು ಶಿಲೀಂಧ್ರ ಬಂದದ್ದು ನಿನಗೆ ನೆನಪಿದೆ. ಆಂಫೊಟೆರಿಸಿನ್ ಇಂಜೆಕ್ಷನ್ ಸಿಗದೆ ಊರೂರ ಜನ ಒದ್ದಾಡಿದರು, ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ವಾರ್ಡು ಮಾಡಿದರು. ಕೊರೊನಾ ಹೋಯಿತು, ಅದೂ ಹೋಯಿತು ಎಂದು ಜನ ತಿಳಿದಿದ್ದಾರೆ. ರಕ್ತದ ಕಾಯಿಲೆಯ ಮಕ್ಕಳ ವಾರ್ಡಿನಲ್ಲಿ ಅದು ಕೊರೊನಾಕ್ಕಿಂತ ಮೊದಲೂ ಇತ್ತು, ಈಗಲೂ ಇದೆ. ಅದರ ಅಣ್ಣತಮ್ಮಂದಿರಾದ ಆಸ್ಪರ್ಜಿಲಸ್, ಕ್ಯಾಂಡಿಡಾ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಕಟಕ ರೊಟ್ಟಿಗೆ ಹತ್ತುವ ಬೂಷ್ಟು, ಹಗೇವಿನಲ್ಲಿ ತೇವ ಹಿಡಿದ ಜೋಳದ ಮೇಲಿನ ಹಸಿರು ಪುಡಿ ಎಲ್ಲ ಆ ವಂಶದ್ದೇ. ನಾವು ದಿನಾ ಅದನ್ನು ಉಸಿರಾಡುತ್ತೇವೆ, ನಮ್ಮ ಬಿಳಿ ರಕ್ತಕಣ ಅದನ್ನು ನುಂಗಿ ಹಾಕುತ್ತವೆ. ಕೀಮೋ ಆದ ಮಗುವಿನಲ್ಲಿ ಆ ಕಾವಲುಗಾರರೇ ಇರುವುದಿಲ್ಲ. ರಿಪೋರ್ಟಿನಲ್ಲಿ ಎಎನ್‌ಸಿ ಎಂದು ಬರೆದಿರುತ್ತಾರಲ್ಲ, ಆ ಕಾವಲು ಕಣಗಳ ಎಣಿಕೆ 500ಕ್ಕಿಂತ ಕೆಳಗಿಳಿದು ಹತ್ತು ದಿನ ಹಾಗೇ ಉಳಿದರೆ ಫಂಗಸ್ಸಿಗೆ ಬಾಗಿಲು ತೆರೆದ ಹಾಗೆ. ಜೊತೆಗೆ ಸ್ಟೆರಾಯ್ಡ್ ನಡೆದಿದ್ದರೆ ಅಪಾಯ ಇನ್ನೂ ಹೆಚ್ಚು.

ಇದನ್ನು ಪತ್ತೆ ಹಚ್ಚುವುದು ಯಾಕೆ ಕಷ್ಟ ಎಂದರೆ, ಕೀವಾಗಬೇಕಾದರೂ ಬಿಳಿ ರಕ್ತಕಣ ಬೇಕು. ಅವೇ ಇಲ್ಲದ ಮೈಯಲ್ಲಿ ಬಾವು ಬರುವುದಿಲ್ಲ, ಕಫ ಕಟ್ಟುವುದಿಲ್ಲ, ಎದೆಯ ಎಕ್ಸ್‌ರೇ ಎಷ್ಟೋ ಸಲ ಸ್ವಚ್ಛವಾಗಿಯೇ ಕಾಣುತ್ತದೆ. ಮಗು ಆಡಿಕೊಂಡೇ ಇರಬಹುದು. ಜ್ವರ ಒಂದೇ ಸುಳಿವು. ಹಾಗಾಗಿ ಮೊದಲ ತಪಾಸಣೆ ನಡೆಯುವುದು ಲ್ಯಾಬಿನಲ್ಲಲ್ಲ, ನಿನ್ನ ಮನೆಯಲ್ಲಿ.

ಒಂದು ಥರ್ಮಾಮೀಟರ್, ಒಂದು ನೋಟುಬುಕ್ಕು ಇಟ್ಟುಕೋ. ಬಗಲಲ್ಲಿಟ್ಟು ನೋಡು, ಕೈ ಮುಟ್ಟಿ ಅಂದಾಜು ಮಾಡಬೇಡ. ಒಮ್ಮೆ 101 ಬಂದರೆ, ಅಥವಾ 100.4 ಬಂದು ಒಂದು ತಾಸು ಇಳಿಯದಿದ್ದರೆ, ತಾರೀಖು ವೇಳೆ ಬರೆದುಕೊಂಡು ಹೊರಡು. ರಾತ್ರಿ ಎರಡು ಗಂಟೆಯಾದರೂ ಸರಿ. ಬೆಂಗಳೂರಿನ ರೈಲಿಗೆ ಕಾಯುವ ಹೊತ್ತಲ್ಲ ಅದು. ನಲವತ್ತು ಕಿಲೋಮೀಟರ್ ದೂರದ ಕಲಬುರಗಿಗೆ ಹೋಗು. ಅಲ್ಲಿ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಕಿದ್ವಾಯಿಯ ಶಾಖೆಯೂ ಇದೆ. ಇಂಥ ಮಗುವಿಗೆ ಆಸ್ಪತ್ರೆ ಮುಟ್ಟಿದ ಒಂದು ತಾಸಿನೊಳಗೆ ಆ್ಯಂಟಿಬಯಾಟಿಕ್ ನರಕ್ಕೆ ಹೋಗಬೇಕು. ಬಾಗಿಲಲ್ಲೇ ಹೇಳು: ಬ್ಲಡ್ ಕ್ಯಾನ್ಸರ್, ಕೀಮೋ ಇಂಥ ತಾರೀಖಿಗೆ ಆಗಿದೆ, ಜ್ವರ ಇಷ್ಟು ಗಂಟೆಗೆ ಸುರುವಾಗಿದೆ.

ದಾರಿಯಲ್ಲಿ ನಿಂತು ಯಾರ ಹತ್ತಿರವೂ ಇಂಜೆಕ್ಷನ್ ಮಾಡಿಸಬೇಡ. ನಮ್ಮ ಕಡೆ ಜ್ವರಕ್ಕೆ ಒಂದು ಸೂಜಿ ಚುಚ್ಚಿ ಕಳಿಸುವ ರೂಢಿಯಿದೆ, ಅದರಲ್ಲಿ ಸ್ಟೆರಾಯ್ಡ್ ಇರುವುದುಂಟು. ಜ್ವರ ಇಳಿಯುತ್ತದೆ, ಮಗು ನಗುತ್ತದೆ, ಒಳಗೆ ಫಂಗಸ್ಸಿಗೆ ಊಟ ಹಾಕಿದಂತಾಗುತ್ತದೆ. ಜ್ವರ ನೋಡಿ ಬರೆದುಕೊಳ್ಳುವ ಮೊದಲೇ ಪ್ಯಾರಾಸಿಟಮಾಲ್ ಕುಡಿಸುವುದೂ ಬೇಡ.

ಈಗ ಮುಖ್ಯ ಮಾತು. ಆ್ಯಂಟಿಬಯಾಟಿಕ್ ಕೊಡುತ್ತಿದ್ದರೂ ಜ್ವರ ನಾಲ್ಕು ದಿನ, ಅಂದರೆ 96 ತಾಸು ಮುಂದುವರಿದರೆ, ಬಿಳಿ ರಕ್ತಕಣಗಳೂ ಏರದಿದ್ದರೆ, ಡಾಕ್ಟರು ಫಂಗಸ್ಸಿನ ಕಡೆ ತಿರುಗಿ ನೋಡುತ್ತಾರೆ. ಆ ಎಣಿಕೆ ಸುರುವಾಗುವುದು ನಿನ್ನ ನೋಟುಬುಕ್ಕಿನಿಂದ. ಜ್ವರ ಯಾವಾಗಿಂದ ಎಂದು ಕೇಳಿದರೆ ‘ಸಂತೆ ದಿನದಿಂದ’ ಎಂದು ಹೇಳಿದ ತಾಯಂದಿರನ್ನು ಎಷ್ಟೋ ನೋಡಿದ್ದೇನೆ. ಅವರದೇನೂ ತಪ್ಪಿಲ್ಲ, ಬರೆದಿಡು ಎಂದು ಯಾರೂ ಹೇಳಿರಲಿಲ್ಲ. ನಾಲ್ಕನೇ ದಿನ ರೌಂಡ್ಸಿಗೆ ಬಂದಾಗ ನೀನೇ ಕೇಳು: ‘ಸರ್, ಫಂಗಸ್ಸಿಗೆ ನೋಡ್ತೀರೇನ್ರಿ? ಎದೆಯ ಸಿಟಿ ಸ್ಕ್ಯಾನ್ ಬೇಕಾಗ್ತದೇನ್ರಿ?’ ಇಂಥ ಪ್ರಶ್ನೆಗೆ ಒಳ್ಳೆ ಡಾಕ್ಟರು ಸಿಟ್ಟಾಗುವುದಿಲ್ಲ.

ಎಕ್ಸ್‌ರೇಯಲ್ಲಿ ಕಾಣದ ಚಿಕ್ಕ ಗಂಟು ಸಿಟಿಯಲ್ಲಿ ಕಾಣುತ್ತದೆ. ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ಸೂಕ್ಷ್ಮಜೀವಿಯನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡುತ್ತಾರೆ. ಮೈಯೆಲ್ಲ ಹಬ್ಬಿದ ಕ್ಯಾಂಡಿಡಾ ಕೂಡ ಅದರಲ್ಲಿ ಸುಮಾರು ಅರ್ಧದಷ್ಟು ಸಲ ಮಾತ್ರ ಸಿಗುತ್ತದೆ, ಆಸ್ಪರ್ಜಿಲಸ್ ಸಿಗುವುದೇ ಅಪರೂಪ. ಗ್ಯಾಲಕ್ಟೊಮ್ಯಾನನ್ ಎಂಬ ಪರೀಕ್ಷೆಯಿದೆ, ಆಸ್ಪರ್ಜಿಲಸ್ಸಿನ ಗೋಡೆಯ ಸಕ್ಕರೆಯನ್ನು ರಕ್ತದಲ್ಲಿ ಹುಡುಕುವುದು. ಕಪ್ಪು ಶಿಲೀಂಧ್ರದಲ್ಲಿ ಆ ಸಕ್ಕರೆ ಇಲ್ಲ, ಹಾಗಾಗಿ ಆ ಸೋಂಕು ಎಷ್ಟೇ ಇದ್ದರೂ ಈ ಪರೀಕ್ಷೆ ಸುಮ್ಮನಿರುತ್ತದೆ. ಮಕ್ಕಳಲ್ಲಿ ಇದೊಂದನ್ನೇ ನೆಚ್ಚಿ ಕೂರುವಂತಿಲ್ಲ. ‘ನೆಗೆಟಿವ್’ ಎಂದು ಬರೆದ ಕಾಗದ ಕೈಗೆ ಬಂದ ಕೂಡಲೇ ಮನೆಗೆ ಹೋಗೋಣವೆಂದು ಹಟ ಹಿಡಿಯಬೇಡ ಯವ್ವಾ.

ಖಾತ್ರಿಯಾಗಬೇಕೆಂದರೆ ಸೋಂಕಿರುವ ಜಾಗದಿಂದಲೇ ಏನಾದರೂ ತೆಗೆಯಬೇಕು: ಶ್ವಾಸಕೋಶ ತೊಳೆದ ನೀರು, ಮೂಗಿನೊಳಗಿನ ಚೂರು, ಗಂಟಿನಿಂದ ಸೂಜಿಯಲ್ಲಿ ಎಳೆದದ್ದು. ಅಂಥ ಚೂರು ಲ್ಯಾಬಿಗೆ ಬಂದಾಗ ಅದನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಒಂದು ಹನಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬಿಟ್ಟು ಕಾಯುತ್ತಿದ್ದೆ. ಮಾಂಸವೆಲ್ಲ ಕರಗಿ ತಿಳಿಯಾಗುತ್ತದೆ, ಫಂಗಸ್ ಕರಗುವುದಿಲ್ಲ. ಬೇವಿನ ಕಡ್ಡಿಯ ಕವಲಿನಂತೆ ಓರೆಯಾಗಿ ಒಡೆದ, ನಡುನಡುವೆ ಗೆಣ್ಣಿದ್ದ ತೆಳು ಎಳೆಗಳು ಕಂಡರೆ ಆಸ್ಪರ್ಜಿಲಸ್ ಇರಬಹುದು. ಅಗಲವಾದ, ಗೆಣ್ಣಿಲ್ಲದ, ಲಾಡಿಯಂತೆ ಮಡಚಿಕೊಂಡು ನೇರ ಮೂಲೆಗೆ ಕವಲೊಡೆದ ಎಳೆಯಾದರೆ ಕಪ್ಪು ಶಿಲೀಂಧ್ರ. ಅಷ್ಟು ಕಂಡ ಕೂಡಲೇ ವಾರ್ಡಿಗೆ ಫೋನು. ಕಲ್ಚರಿನಲ್ಲಿ ಬೆಳೆದ ಮೇಲೆ ಆಸ್ಪರ್ಜಿಲಸ್ಸಿನ ತಲೆ ನೋಡಬೇಕು ನೀನು, ಥೇಟ್ ಜೋಳದ ತೆನೆ! 1729ರಲ್ಲಿ ಇಟಲಿಯ ಮಿಕೇಲಿ ಎಂಬ ಸಸ್ಯವಿಜ್ಞಾನಿಗೆ ಅದು ತೀರ್ಥ ಚಿಮುಕಿಸುವ ಸಾಧನದಂತೆ ಕಂಡಿತಂತೆ, ಅದೇ ಹೆಸರಿಟ್ಟರು. ನನಗೆ ಮಾತ್ರ ಯಾವಾಗಲೂ ನಮ್ಮೂರ ಬಿಳಿಜೋಳವೇ ನೆನಪಾಗುತ್ತಿತ್ತು.

ಯಾವ ಫಂಗಸ್ ಎಂದು ತಿಳಿಯಬೇಕಾದದ್ದು ಯಾಕೆಂದರೆ, ಒಂದೊಂದಕ್ಕೂ ಔಷಧವೇ ಬೇರೆ. ವೊರಿಕೊನಜೋಲ್ ಆಸ್ಪರ್ಜಿಲಸ್ಸಿಗೆ ಒಳ್ಳೇದು, ಕಪ್ಪು ಶಿಲೀಂಧ್ರಕ್ಕೆ ನಡೆಯುವುದಿಲ್ಲ, ಅದಕ್ಕೆ ಮೊದಲು ಆಂಫೊಟೆರಿಸಿನ್ ಬೇಕು, ಜೊತೆಗೆ ಕೆಟ್ಟ ಭಾಗ ಕೊಯ್ದು ತೆಗೆಯಬೇಕಾಗಬಹುದು.

ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗಿಲ್ಲ. ಏಳು ವರ್ಷದ ಹುಡುಗಿ, ಮೂಗಿನ ಪಕ್ಕ ನೋವು. ಬಯಾಪ್ಸಿಯ ಚೂರು ಬಂತು, ಪೂರ್ತಿ ಫಾರ್ಮಲಿನ್ ಡಬ್ಬಿಯಲ್ಲಿ. ಫಾರ್ಮಲಿನ್ ಮುಟ್ಟಿದ ಫಂಗಸ್ ಸತ್ತೇ ಹೋಗುತ್ತದೆ, ಕಲ್ಚರಿನಲ್ಲಿ ಬೆಳೆಯುವುದಿಲ್ಲ. ಮತ್ತೆ ಚೂರು ತೆಗೆಯಬೇಕೆಂದರೆ ಮಗುವಿನ ಪ್ಲೇಟ್‌ಲೆಟ್ ಬಿದ್ದಿತ್ತು. ಎರಡು ದಿನ ಹೋಯಿತು. ಆ ಡಬ್ಬಿ ಕೈಯಲ್ಲಿ ಹಿಡಿದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಅದಕ್ಕೇ ಹೇಳುತ್ತೇನೆ, ನಿನ್ನ ಮಗನಿಗೆ ಎಂದಾದರೂ ಬಯಾಪ್ಸಿ ಆದರೆ, ‘ಒಂದು ಚೂರು ಸಲೈನಿನಲ್ಲೂ ಕಳಿಸ್ತೀರಲ್ರಿ, ಫಂಗಲ್ ಕಲ್ಚರಿಗೆ?’ ಎಂದು ಕೇಳಲು ಸಂಕೋಚಪಡಬೇಡ.

ನೀನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾದದ್ದೂ ಇದೆ. ದಿನಾ ಬೆಳಗ್ಗೆ ಟಾರ್ಚು ಹಾಕಿ ಬಾಯಿ ನೋಡು. ನಾಲಿಗೆ ಮೇಲೆ ಮೊಸರು ಅಂಟಿದಂಥ ಬಿಳಿ ಪದರ, ನುಂಗಲು ನೋವು, ಅಂಗುಳಿನಲ್ಲಿ ಕಪ್ಪು ಕಲೆ, ಮೂಗಿನಿಂದ ಕಂದು ನೀರು, ಒಂದೇ ಕಡೆ ಕೆನ್ನೆ ಊದುವುದು, ಕಣ್ಣಿನ ಸುತ್ತ ಬಾವು, ಮೈಮೇಲೆ ನೋಯುವ ಗಂಟು, ಕೆಮ್ಮಿನಲ್ಲಿ ರಕ್ತ: ಇವುಗಳಲ್ಲಿ ಒಂದು ಕಂಡರೂ ಫೋಟೋ ತೆಗೆದು ಆಸ್ಪತ್ರೆಗೆ ಕಳಿಸಿ, ನೀನೂ ಹೊರಡು.

ಮೆಡಿಕಲ್ ಅಂಗಡಿಯಲ್ಲಿ ಫಂಗಸ್ ಗುಳಿಗೆ ಕೇಳಿ ತರಬೇಡ. ನಿನ್ನ ಮಗನಿಗೆ ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧ ಕೊಡುತ್ತಿದ್ದಾರೆ. ಆ ಗುಳಿಗೆಗಳಲ್ಲಿ ಹಲವು ಅದನ್ನು ಮೈಯಲ್ಲಿ ಕರಗದಂತೆ ತಡೆದು ನರಗಳನ್ನು ಹಾಳು ಮಾಡುತ್ತವೆ. ಕಾಲು ಸೋಲುತ್ತದೆ, ಹೊಟ್ಟೆ ಕಟ್ಟುತ್ತದೆ.

ಮನೆ ಮಾತು ಸ್ವಲ್ಪ. ತೊಗರಿ ರಾಶಿ ನಡೆದಾಗ ಅವನನ್ನು ಕಣದ ಹತ್ತಿರ ಒಯ್ಯಬೇಡ, ಮಷೀನಿನಿಂದ ಹಾರುವ ಹೊಟ್ಟಿನಲ್ಲಿ ಇದೇ ಫಂಗಸ್ಸಿನ ಬೀಜ ತುಂಬಿರುತ್ತದೆ. ಹಳೇ ಮಣ್ಣಿನ ಗೋಡೆ ಕೆಡವುವುದನ್ನು ಮುಂದಿನ ವರ್ಷಕ್ಕಿಡು. ಖರ್ಚಿಗೆ ಅಂಜಬೇಡ. ನಿಮ್ಮದು ಬಿಪಿಎಲ್ ಕಾರ್ಡು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸಿಟಿ, ಆಂಫೊಟೆರಿಸಿನ್ ಬೇಕಾದಾಗ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಹಿಡಿದು ಕೇಳು.

ಥರ್ಮಾಮೀಟರ್ ಸಂಜೆ ನಾನೇ ತಂದುಕೊಡುತ್ತೇನೆ, ಓದುವುದನ್ನೂ ತೋರಿಸುತ್ತೇನೆ. ನನ್ನ ನಂಬರು ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಬರೆದುಕೋ. ಎಷ್ಟು ರಾತ್ರಿಯಾಗಿದ್ದರೂ ಫೋನು ಮಾಡು, ನೀವು ಕಲಬುರಗಿ ದಾರಿಯಲ್ಲಿ ಕಟ್ಟಿಸಂಗಾವಿ ಸೇತುವೆ ದಾಟುವಾಗ ಗಾಡಿಯಲ್ಲಿ ನಾನೂ ಇರುತ್ತೇನೆ.