ಸೋಲಿನ ಪ್ರಶ್ನೆ: ಒಂಬತ್ತನೇ ತರಗತಿಯ ಒಂದು ಪಾಠಾನುಭವ

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಕಡೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದಲ್ಲಿದ್ದಾಗ ಸಮಾಜ ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದರು. ಚುನಾವಣೆ ಕುರಿತ ಒಂದು ಅವಧಿ ನನ್ನ ಪಾಲಿಗೆ ಬಂತು.

ಚಟುವಟಿಕೆ ಸರಳವಾಗಿತ್ತು: ಹಿರಿಯ ರಾಜಕಾರಣಿಯೊಬ್ಬರು ತರಗತಿಗೆ ಬಂದರೆ ಏನು ಕೇಳುವಿರಿ? ‘ಎಷ್ಟು ಸಲ ಗೆದ್ದಿರಿ?’, ‘ಯಾವ ಖಾತೆ ಇತ್ತು?’, ‘ಎಷ್ಟು ರಸ್ತೆ ಮಾಡಿಸಿದಿರಿ?’ ಎಂದು ಮಕ್ಕಳು ಬರೆದರು. ಎಲ್ಲವೂ ಒಂದೇ ಪದದಲ್ಲಿ ಉತ್ತರಿಸುವ ಪ್ರಶ್ನೆಗಳು.

ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದೆ. ತರೀಕೆರೆ ತಾಲ್ಲೂಕಿನ ಶಾಂತವೇರಿಯ ಹೆಸರು ಹೊತ್ತ ಸಮಾಜವಾದಿ ನಾಯಕ ಗೋಪಾಲಗೌಡರು: 1952 ಗೆಲುವು, 1957 ಸೋಲು, 1962 ಮತ್ತು 1967 ಗೆಲುವು. ಕಡೂರಿನ ವೈ.ಎಸ್.ವಿ. ದತ್ತ: 2013 ಗೆಲುವು, 2018 ಸೋಲು, 2023 ಸೋಲು. “ಈ ಸಾಲುಗಳಲ್ಲಿ ಏನು ಕಾಣುತ್ತಿಲ್ಲ?” ಎಂದು ಕೇಳಿದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸೋತ ಮೇಲೆ ಏನ್ ಮಾಡ್ತಾರೆ ಮಿಸ್? ನಮ್ಮಪ್ಪ ಪಂಚಾಯ್ತಿ ಎಲೆಕ್ಷನ್‌ನಲ್ಲಿ ಸೋತ ಮೇಲೆ ಯಾರ ಮನೆ ಮದುವೆಗೂ ಹೋಗ್ತಿಲ್ಲ.”

ತರಗತಿ ಸುಮ್ಮನಾಯಿತು. ಏನು ಹೇಳಬೇಕೆಂದು ತೋಚದೆ ದತ್ತ ಅವರ ವಿಷಯ ಹೇಳಿದೆ. ಅವರು ಗಣಿತದ ಮೇಷ್ಟ್ರು, ಎಚ್.ಡಿ. ದೇವೇಗೌಡರ ಬಹುಕಾಲದ ಒಡನಾಡಿ. 2018ರಲ್ಲಿ ಸೋತವರು 2020ರ ಲಾಕ್‌ಡೌನ್‌ನಲ್ಲಿ ಫೇಸ್‌ಬುಕ್ ಮೂಲಕ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಠ ಮಾಡಿದರು. ಹುಡುಗ ತಲೆಯಾಡಿಸಿ ಕುಳಿತ.

ಪಾಠ ಚೆನ್ನಾಯಿತೆಂದುಕೊಂಡೆ. ವೀಕ್ಷಕರಾಗಿದ್ದ ನಮ್ಮ ಉಪನ್ಯಾಸಕರು ಬೇರೆಯೇ ಬರೆದರು: ‘ಅತ್ಯುತ್ತಮ ಪ್ರಶ್ನೆ ವಿದ್ಯಾರ್ಥಿಯಿಂದ ಬಂತು. ನೀವೇ ಉತ್ತರ ಕೊಟ್ಟು ಮುಗಿಸಿದಿರಿ.’

ಆ ಭಾನುವಾರ ಅಜ್ಜಂಪುರದ ನಮ್ಮ ಬೀದಿಯ ಹಿರಿಯರೊಬ್ಬರ ಬಳಿ ಹೋದೆ. ತರೀಕೆರೆ ಕ್ಷೇತ್ರದ ಹಲವು ಚುನಾವಣೆಗಳಲ್ಲಿ ಅಭ್ಯರ್ಥಿಗಳಿಗೆ ಸಲಹೆ ಕೊಟ್ಟವರು. ‘ಎಷ್ಟು ಚುನಾವಣೆ ನೋಡಿದ್ದೀರಿ ತಾತ?’ ಎಂದರೆ ಬೆರಳೆಣಿಸಿ ಸುಮ್ಮನಾದರು. ‘ನಿಮ್ಮ ಯಾವ ಸಲಹೆ ತಪ್ಪಾಯಿತು?’ ಎಂದಾಗ ಅರ್ಧ ಗಂಟೆ ಮಾತಾಡಿದರು. “ಆ ಹಳ್ಳಿ ನಮ್ದೇ, ಹೋಗೋದು ಬೇಡ ಅಂದೆ ಕಣಮ್ಮ. ಅಲ್ಲೇ ಓಟು ಹೋಯ್ತು. ಕೇಳದೇ ಇದ್ದೋರ ಮನೆಗೆ ಯಾಕೆ ಓಟು ಹಾಕ್ತಾರೆ?”

ಮುಂದಿನ ಅವಧಿಗೆ ಪಾಠಯೋಜನೆ ತಿದ್ದಿದೆ. ಹುಡುಗನ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದು ಗುಂಪುಗಳಿಗೆ ಹತ್ತು ನಿಮಿಷ ಬಿಟ್ಟೆ. ‘ಯಾವ ನಿರ್ಧಾರ ಈಗ ಬದಲಾಯಿಸುತ್ತೀರಿ?’, ‘ಸೋತಾಗ ಮೊದಲು ಮನೆಗೆ ಬಂದವರು ಯಾರು?’ ಎಂಬ ಪ್ರಶ್ನೆಗಳು ಬಂದವು. ಎರಡನೆಯದನ್ನು ಬರೆದವನು ಅವನೇ. ಅಪ್ಪನನ್ನು ಕೇಳಿಕೊಂಡು ಬರುತ್ತೇನೆ ಎಂದ.

ಸಹಪಾಠಿಗಳಿಗೆ ನನ್ನ ಸಲಹೆ: ಈ ಚಟುವಟಿಕೆ ಮಾಡುವಾಗ ಉತ್ತರ ಗೊತ್ತಿದ್ದರೂ ಸ್ವಲ್ಪ ಹೊತ್ತು ಕಾಯಿರಿ.