ತೂಕದ ದಿನ ಬಾ

ಪುಟ್ಟೀ, ಮಕ್ಕಳ ಪೌಷ್ಟಿಕತೆಯ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯುವ ಕಡೆ ಕೆಲಸಕ್ಕೆ ಸೇರಿದ್ದೀಯಂತೆ, ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಅಂಗನವಾಡಿ ಮೇಲ್ವಿಚಾರಕಿಯಾಗಿ ಊರೂರು ಅಲೆದ ದೊಡ್ಡಮ್ಮನ ಹತ್ತಿರ ನಾಲ್ಕು ಮಾತಿವೆ. ಉಪಯೋಗಕ್ಕೆ ಬಂದರೆ ಇಟ್ಟುಕೋ.

ಮೊದಲು ನನ್ನದೇ ತಪ್ಪು ಹೇಳುತ್ತೇನೆ. ಎರಡು ವರ್ಷ ತುಂಬಿದ ಒಬ್ಬ ಹುಡುಗ. ಏಪ್ರಿಲ್‌ನಲ್ಲಿ 9 ಕೆಜಿ 200 ಗ್ರಾಂ, ಮೇ ತಿಂಗಳಲ್ಲೂ ಅಷ್ಟೇ, ಜೂನ್‌ನಲ್ಲಿ 9 ಕೆಜಿ 100. ಮೂರೂ ತಿಂಗಳು ಅವನು ಬೆಳವಣಿಗೆ ಚಾರ್ಟಿನ ಹಳದಿ ಪಟ್ಟಿಯಲ್ಲೇ ಇದ್ದ. ತಿಂಗಳ ವರದಿಗೆ ಬೇಕಿದ್ದದ್ದು ಹಳದಿಯಲ್ಲಿ ಎಷ್ಟು ಮಕ್ಕಳು ಅನ್ನುವ ಮೊತ್ತ ಮಾತ್ರ. ಮೊತ್ತ ಬದಲಾಗಿರಲಿಲ್ಲ, ನಾನು ಸಹಿ ಹಾಕಿದೆ. ಬೆಳೆಯಬೇಕಾದ ಮಗು ನಿಂತುಬಿಟ್ಟಿದೆ, ಕೆಂಪಿನ ಕಡೆ ಜಾರುತ್ತಿದೆ ಅನ್ನುವುದು ಮೂರು ಪುಟಗಳಲ್ಲಿ ಹಂಚಿಹೋಗಿತ್ತು. ಜುಲೈನಲ್ಲಿ ಭೇದಿ ಹಿಡಿದು ಪೌಷ್ಟಿಕ ಪುನರ್ವಸತಿ ಕೇಂದ್ರ ಸೇರಿದ. ಬದುಕಿ ಉಳಿದ, ಪುಣ್ಯ.

ಕಂಪ್ಯೂಟರ್ ಬೇಕಿರುವುದು ಇಲ್ಲಿ. 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ನಮ್ಮ ರಾಜ್ಯದ ಮೊದಲ ಐಸಿಡಿಎಸ್ ಯೋಜನೆ ಶುರುವಾದಾಗಿನಿಂದ ಅಂಕೆಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತಲೇ ಇವೆ. ಮೇಲಿನಿಂದ ಅಂಗನವಾಡಿಯ ಟೀಚರಮ್ಮನಿಗೆ ವಾಪಸು ಬಂದದ್ದು ಕಡಿಮೆ. ‘ಈ ಮಗು ಎರಡು ತಿಂಗಳಿಂದ ಬೆಳೆದಿಲ್ಲ, ಇವತ್ತೇ ಮನೆಗೆ ಹೋಗಿ ನೋಡಿ’ ಅಂತ ನಿನ್ನ ಆ್ಯಪ್ ಮೊದಲು ಅವಳಿಗೆ ಹೇಳಲಿ. ಜಿಲ್ಲಾ ಕಚೇರಿಯ ಬಣ್ಣಬಣ್ಣದ ನಕ್ಷೆ ಆಮೇಲೆ ಆದೀತು.

2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಗುಳೆ ಹೋದ ಕುಟುಂಬದ ಹೆಸರನ್ನು ಬೇರೆ ಊರಿನ ಕೇಂದ್ರಕ್ಕೆ, ಬೇರೆ ರಾಜ್ಯಕ್ಕೂ ವರ್ಗಾಯಿಸಬಹುದು. ನನಗೆ ಬಹಳ ಹಿಡಿಸಿದ್ದು ಅದೊಂದು. ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರ ಮಗುವಿನ ಮುಂದೆ ನಾವು ‘ಊರಲ್ಲಿಲ್ಲ’ ಅಂತ ಬರೆದು ಪುಟ ತಿರುಗಿಸುತ್ತಿದ್ದೆವು.

ಇನ್ನು ಕಡ್ಡಾಯದ ಕಾಲಂಗಳ ವಿಷಯ. ಹಿಂದೊಮ್ಮೆ ನಾವು ಬಳಸಿದ ಒಂದು ಆ್ಯಪ್ ತೂಕ ತುಂಬಿಸದೆ ಮುಂದಕ್ಕೆ ಬಿಡುತ್ತಿರಲಿಲ್ಲ. ಒಂದು ಕೇಂದ್ರದಲ್ಲಿ ತಕ್ಕಡಿ ಕೆಟ್ಟು ಎರಡು ತಿಂಗಳಾಗಿತ್ತು. ಟೀಚರಮ್ಮ ಏನು ಮಾಡಿಯಾಳು? ಹಿಂದಿನ ತಿಂಗಳ ತೂಕಕ್ಕೆ ತಲಾ 200 ಗ್ರಾಂ ಸೇರಿಸಿ ಕಳಿಸಿದಳು. ವರದಿಯಲ್ಲಿ ಎಲ್ಲ ಮಕ್ಕಳೂ ಗುಂಡಗುಂಡಗೆ! ಅವಳಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ‘ತೂಕ ಮಾಡಿಲ್ಲ, ತಕ್ಕಡಿ ಕೆಟ್ಟಿದೆ’ ಅಂತ ನಿಜ ಬರೆಯಲು ಒಂದು ಜಾಗ ಕೊಡು ತಾಯಿ.

2025ರ ಜುಲೈಯಿಂದ ಮನೆಗೆ ಒಯ್ಯುವ ಆಹಾರಕ್ಕೆ ಮುಖ ಗುರುತಿಸುವುದೂ ಕಡ್ಡಾಯವಾಯಿತು. ಕಳ್ಳಲೆಕ್ಕ ನಿಲ್ಲಲಿ, ಬೇಡವೆನ್ನುವುದಿಲ್ಲ. ಆದರೆ ಇಂಥದ್ದನ್ನು ಬರೆಯುವ ಸರದಿ ನಿನಗೆ ಬಂದರೆ, ಮುಖ ಹೊಂದದಿದ್ದಾಗ, ಓಟಿಪಿ ಬರುವ ಫೋನು ಹೊಲಕ್ಕೆ ಹೋದ ಗಂಡನ ಜೇಬಿನಲ್ಲಿದ್ದಾಗ ಏನು ಮಾಡಬೇಕೆಂಬುದನ್ನೇ ಮೊದಲು ಬರೆ. ಏಳು ತಿಂಗಳ ಬಸುರಿಯನ್ನು ಬರಿಗೈಲಿ ಕಳಿಸುವ ಸಂಕಟ ಟೀಚರಮ್ಮನದು, ಸರ್ವರಿನದಲ್ಲ.

ಒಂದು ಸಲ ತೂಕದ ದಿನ ಬಾ, ಯಾವುದಾದರೂ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ. ಮಗು ಕಿರುಚುತ್ತಾ ಕಾಲು ಝಾಡಿಸುತ್ತದೆ, ಮುಳ್ಳು ಒಂದೆಡೆ ನಿಲ್ಲುವುದಿಲ್ಲ, ಒಲೆಯ ಮೇಲೆ ಅನ್ನ ಉಕ್ಕುತ್ತಿರುತ್ತದೆ. ಟೀಚರಮ್ಮನ ಒಂದು ಕೈ ಮಗುವಿನ ಬೆನ್ನ ಮೇಲೆ, ಇನ್ನೊಂದರಲ್ಲಿ ಫೋನು. ನೀನು ಇಟ್ಟ ಬಟನ್ ಅವಳ ಹೆಬ್ಬೆರಳಿಗೆ ಎಟಕುತ್ತದೋ ಇಲ್ಲವೋ, ನೋಡು.