ಹಸುವಿನ ಅಂಡವು ಬೆಳೆಯುವ ಕ್ರಮವೂ ಹೋರಿ ಬಿಡತಕ್ಕ ಕಾಲವೂ

ಹೋರಿ ಬಿಟ್ಟರೂ ಗಬ್ಬವಾಗಲಿಲ್ಲವೆಂದು ಒಳ್ಳೆಯ ಹಸುವನ್ನು ಗೊಡ್ಡೆಂದೆಣಿಸಿ ಸಂತೆಯಲ್ಲಿ ಅಲ್ಪ ಬೆಲೆಗೆ ಮಾರಿಬಿಡುವುದುಂಟು. ಅನೇಕ ವೇಳೆ ದೋಷವು ಹಸುವಿನದಲ್ಲ, ಹೋರಿ ಬಿಟ್ಟ ಹೊತ್ತಿನದು. ಅಂಡವು ಬೆಳೆಯುವ ಕ್ರಮವನ್ನರಿತರೆ ಇದು ಸ್ಪಷ್ಟವಾಗುವುದು.

ಹಸುವಿಗೆ ಬಾದಾಮಿಯ ಆಕಾರದ ಎರಡು ಅಂಡಾಶಯಗಳಿರುತ್ತವೆ. ಹೆಣ್ಣುಕರು ಹುಟ್ಟುವಾಗಲೇ ಇವುಗಳಲ್ಲಿ ಹತ್ತಾರು ಸಾವಿರ ಅಂಡಗಳು, ಒಂದೊಂದು ಪುಟಕದಲ್ಲಿ, ಅಂದರೆ ಸಣ್ಣ ಚೀಲದಲ್ಲಿ, ಒಂದೊಂದರಂತೆ ಅಡಗಿರುತ್ತವೆ. ಹಾಲೆಂಡಿನ ವೈದ್ಯನಾದ ಡಿ ಗ್ರಾಫ್ ಎಂಬವನು 1672ರಲ್ಲಿ ಪುಟಕಗಳನ್ನು ವರ್ಣಿಸಿ, ಅವನ್ನೇ ಅಂಡಗಳೆಂದು ಬಗೆದನು. ಒಳಗಿರುವ ಅತಿ ಸೂಕ್ಷ್ಮವಾದ ನಿಜವಾದ ಅಂಡವನ್ನು 1827ರಲ್ಲಿ ಫಾನ್ ಬೇರ್ ಎಂಬ ವಿದ್ವಾಂಸನು ನಾಯಿಯಲ್ಲಿ ಕಂಡನು.

ಕಡಸು ಪ್ರಾಯಕ್ಕೆ ಬಂದ ಮೇಲೆ ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಈ ಅವಧಿಯಲ್ಲಿ ಪುಟಕಗಳು ಎರಡು ಅಥವಾ ಮೂರು ತಂಡಗಳಾಗಿ ಬೆಳೆಯುತ್ತವೆ. ಒತ್ತಾಗಿ ಬಿತ್ತಿದ ಸಸಿಮಡಿಯಲ್ಲಿ ಬಲವಾದ ಸಸಿಯು ಉಳಿದವನ್ನು ಅಡಗಿಸುವಂತೆ, ಪ್ರತಿ ತಂಡದಲ್ಲಿಯೂ ಒಂದು ಪುಟಕವು ಮುಂದಾಗಿ ಉಳಿದವು ಕುಗ್ಗುತ್ತವೆ. ಕಡೆಯ ತಂಡದ ದೊಡ್ಡ ಪುಟಕವು ಅರ್ಧ ಅಂಗುಲಕ್ಕೂ ಮಿಗಿಲಾಗಿ ಉಬ್ಬುತ್ತದೆ. ಅದರಲ್ಲುತ್ಪನ್ನವಾಗುವ ರಸವು ರಕ್ತಕ್ಕೆ ಸೇರಿ ಬೆದೆಯನ್ನುಂಟುಮಾಡುತ್ತದೆ. ಹಸುವು ಕೂಗುವುದು, ಲೋಳೆ ಸುರಿಸುವುದು, ಬೇರೆ ಹಸು ಮೇಲೇರಿದರೆ ಕದಲದೆ ನಿಲ್ಲುವುದು.

ಆದರೆ ಬೆದೆಯಿರುವಾಗಲೇ ಅಂಡವು ಹೊರಬೀಳುವುದಿಲ್ಲ. ಬೆದೆ ಇಳಿದು 10ರಿಂದ 14 ಗಂಟೆಗಳಾದ ಮೇಲೆ ಪುಟಕವು ಒಡೆಯುತ್ತದೆ. ಹೊರಬಂದ ಅಂಡವು ಕೆಲವೇ ಗಂಟೆಗಳ ಕಾಲ ಫಲಿಸಲು ಯೋಗ್ಯವಾಗಿರುತ್ತದೆ. ಆದುದರಿಂದ ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆಯೂ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಯೂ ಹೋರಿ ಬಿಡತಕ್ಕದ್ದು. ಕೃತಕ ಗರ್ಭಧಾರಣೆಗೂ ಇದೇ ನಿಯಮ.

ಪುಟಕವು ಒಡೆದ ಸ್ಥಳದಲ್ಲಿ ಹಳದಿಯ ಗಂಟೊಂದು ಬೆಳೆಯುತ್ತದೆ. ಗಬ್ಬ ನಿಂತರೆ ಅದು ಉಳಿದು ಮುಂದಿನ ಬೆದೆಯನ್ನು ತಡೆಯುವುದು. ನಿಲ್ಲದಿದ್ದರೆ ಕುಗ್ಗಿಹೋಗಿ ಹಸುವು ಪುನಃ ಬೆದೆಗೆ ಬರುವುದು. ಆದಕಾರಣ ಬೆದೆಯ ದಿನವನ್ನು ಬರೆದಿಟ್ಟು, 18ನೆಯ ದಿನದಿಂದ 24ನೆಯ ದಿನದವರೆಗೆ ನಸುಕಿನಲ್ಲಿಯೂ ಸಂಜೆಯಲ್ಲಿಯೂ ಹಸುವನ್ನು ಪರೀಕ್ಷಿಸಬೇಕು. ಎಮ್ಮೆಗಳಲ್ಲಿ ಚಿಹ್ನೆಗಳು ಮಂದವಾಗಿದ್ದು ಹೆಚ್ಚಾಗಿ ರಾತ್ರಿಯಲ್ಲಿ ತೋರುವುದರಿಂದ ಮತ್ತಷ್ಟು ಎಚ್ಚರಿಕೆ ಬೇಕು.

ಮೇವಿಲ್ಲದೆ ಸೊರಗಿದ ಹಸುವಿನಲ್ಲಿ ಪುಟಕವು ಪಕ್ವವಾಗದೆ ಬೆದೆಯೇ ನಿಂತುಹೋಗಬಹುದು. ಅಂಥದಕ್ಕೆ ಮೊದಲು ಹಸುರು ಮೇವು, ಹಿಂಡಿ, ಉಪ್ಪು ಸಲ್ಲಬೇಕು. ಸಕಾಲದಲ್ಲಿ ಮೂರು ಸಾರಿ ಹೋರಿ ಬಿಟ್ಟರೂ ಗಬ್ಬವಾಗದಿದ್ದರೆ ಪಶುವೈದ್ಯರಿಗೆ ತೋರಿಸತಕ್ಕದ್ದು. ಗ್ರಾಮದ ಮುಖಂಡರು ಈ ಸಂಗತಿಗಳನ್ನು ತಮ್ಮ ರಯಿತರಿಗೆ ತಿಳಿಯಹೇಳಿದಲ್ಲಿ, ಗೊಡ್ಡೆಂದು ಸಂತೆಗೆ ಹೊರಟ ಎಷ್ಟೋ ಹಸುಗಳು ಕೊಟ್ಟಿಗೆಯಲ್ಲಿಯೇ ಉಳಿದು ಕರು ಹಾಕುವುವು.